ಬೆರಳಿಗೆ ಕಷ್ಟ, ಕಿವಿಗೆ ಕಷ್ಟ



ಪಾಶ್ಚಾತ್ಯ ಸಂಗೀತ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಎಂದು ಯಾರನ್ನು ಕೇಳಿದರೂ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ. ಬೀಥೊವನ್‌ನ ‘ಮೂನ್‌ಲೈಟ್’ ಸೊನಾಟಾದ ಮೊದಲ ಭಾಗ, ‘ಫ್ಯೂರ್ ಎಲೀಸ್’, ಷೋಪನ್‌ನ ಒಂದೆರಡು ನಾಕ್ಟರ್ನ್. ಎಲ್ಲವೂ ಚೆನ್ನಾದವೇ, ನನ್ನದೇನೂ ತಕರಾರಿಲ್ಲ. ಆದರೆ ಆರತಕ್ಷತೆಯ ಹಾಲಿನಲ್ಲಿ, ಹೋಟೆಲಿನ ಲಿಫ್ಟಿನಲ್ಲಿ, ಕೊನೆಗೆ ಹಿಂದಕ್ಕೆ ಬರುವ ಕಾರಿನ ರಿವರ್ಸ್ ಹಾರ್ನಿನಲ್ಲೂ ಅವೇ ಕೇಳಿ ಕೇಳಿ, ಪಿಯಾನೋ ಅಂದರೆ ಹಿತವಾಗಿ ಕಿವಿ ಸವರುವ ವಾದ್ಯ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ.

ಇವತ್ತು ನಾನು ಶಿಫಾರಸು ಮಾಡಲು ಬಂದಿರುವುದು ಆ ಪಟ್ಟಿಯಲ್ಲಿ ಇಲ್ಲದ ಸಂಗೀತವನ್ನು. ಹುಬ್ಬು ಗಂಟಿಕ್ಕಿಕೊಂಡ ಸಂಗೀತ. ಸುಲಭಕ್ಕೆ ಮಾತಿಗೆ ಸಿಗದ, ಮೊದಲ ಸಲ ಕೇಳಿದಾಗ ‘ಇದೇನಪ್ಪಾ ಹೀಗೆ’ ಅನ್ನಿಸುವ ಸಂಗೀತ. ನಾನು ಪಿಯಾನೋ ನುಡಿಸುವವನಲ್ಲ, ಕೇಳುವವನು ಅಷ್ಟೆ. ನಮ್ಮದೊಂದು ಸಣ್ಣ ಕೇಳುಗರ ಗುಂಪಿದೆ. ಅದರಲ್ಲಿ ಮುಕ್ಕಾಲು ಪಾಲು ಕರ್ನಾಟಕ ಸಂಗೀತದವರು. ರಾಮನವಮಿ ಬಂತೆಂದರೆ ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರ ಬಿಟ್ಟು ಕದಲದವರು. ಅವರೊಡನೆ ಕೂತು ಕೇಳಿ, ಜಗಳವಾಡಿ, ಒಪ್ಪಿ, ಒಪ್ಪದೆ ಕೂಡಿಸಿಕೊಂಡ ಮಾತುಗಳಿವು.

ಪಿಯಾನೋ ಸಂಗೀತದಲ್ಲಿ ಕಷ್ಟ ಅನ್ನುವುದು ಎರಡು ಥರ. ಬೆರಳಿಗೆ ಕಷ್ಟ, ಕಿವಿಗೆ ಕಷ್ಟ. ಎರಡನ್ನೂ ಒಂದೇ ಅಂದುಕೊಂಡವರು ದಾರಿ ತಪ್ಪುತ್ತಾರೆ. ಫ್ರಾನ್ಸಿನ ರವೆಲ್ 1908ರಲ್ಲಿ ‘ಗಾಸ್ಪಾರ್ ದ ಲಾ ನ್ವಿ’ ಬರೆಯುವಾಗ, ರಷ್ಯಾದ ಬಾಲಾಕಿರೆಫ್‌ನ ‘ಇಸ್ಲಾಮೇ’ಗಿಂತ ಕಷ್ಟದ್ದನ್ನು ಬರೆದೇ ತೀರುತ್ತೇನೆಂದು ಹಟ ತೊಟ್ಟಿದ್ದ. ವಾದಕರ ಬೆವರಿಳಿಸುವುದಕ್ಕೆ ಇಸ್ಲಾಮೇ ಹೆಸರಾಗಿತ್ತು. ಗಾಸ್ಪಾರ್‌ನ ಮೂರನೆಯ ಭಾಗ ‘ಸ್ಕಾರ್ಬೊ’ ರಾತ್ರಿ ಹೊತ್ತು ಕೋಣೆಗೆ ನುಗ್ಗಿ ಗಿರಗಿರನೆ ಸುತ್ತುವ ಒಂದು ಕುಳ್ಳ ಭೂತದ ಚಿತ್ರ. ಅದನ್ನು ನುಡಿಸಲು ಜನ್ಮ ಸವೆಸಬೇಕು. ಕೇಳಲು ಏನೂ ಕಷ್ಟವಿಲ್ಲ. ದೀಪಾವಳಿ ಪಟಾಕಿ ನೋಡಿದ ಹಾಗೆ ಬಾಯಿಬಿಟ್ಟುಕೊಂಡು ಕೇಳಬಹುದು.

ಇನ್ನೊಂದು ತುದಿಗೆ ಬನ್ನಿ. ತನ್ನ ಕಾಲದ ಅತಿ ದೊಡ್ಡ ಪಿಯಾನೋ ವಾದಕ ಲಿಸ್ಟ್ 1881ರ ಬೇಸಿಗೆಯಲ್ಲಿ ವೈಮಾರಿನಲ್ಲಿ ಮೆಟ್ಟಿಲ ಮೇಲೆ ಬಿದ್ದು ಪೆಟ್ಟು ಮಾಡಿಕೊಂಡ. ವಯಸ್ಸು 69. ಆ ಆಗಸ್ಟಿನಲ್ಲಿ ‘ನುವಾಜ್ ಗ್ರಿ’, ಅಂದರೆ ಬೂದು ಮೋಡಗಳು, ಎಂಬ 48 ಬಾರುಗಳ (ನಮ್ಮ ಆವರ್ತದಂಥ ಅಳತೆ) ತುಣುಕೊಂದನ್ನು ಬರೆದ. ಎರಡು ಮೂರು ವರ್ಷ ಕಲಿತ ಮಗು ಅದರ ಸ್ವರಗಳನ್ನು ಒತ್ತಿಬಿಡಬಹುದು. ಆದರೆ ಕೆಳಗಿನ ಸ್ವರಗಳಲ್ಲಿ ನಡುಗುತ್ತಿರುವುದೇನು, ಮೇಲೆ ಒಂದೊಂದೇ ಹೆಜ್ಜೆ ಹತ್ತುತ್ತಿರುವುದೇನು, ಕೊನೆಯ ಸ್ವರಗುಚ್ಛ ಮನೆ ಸೇರದೆ ಅಲ್ಲೇ ನಿಂತುಬಿಟ್ಟದ್ದೇಕೆ ಎಂದು ಕಿವಿ ತಡಕಾಡುತ್ತದೆ. ಹಂಗೆರಿಯನ್ ರಾಪ್ಸಡಿಗಳಲ್ಲಿ ಸಭೆಗಳನ್ನು ಕುಣಿಸಿದ ಮನುಷ್ಯ ಕೊನೆಗೆ ಯಾರಿಗೂ ಬೇಡದ ಈ ಹಾಳೆ ಬರೆದಿಟ್ಟುಕೊಂಡ. ಅದು ಅಚ್ಚಾಗಿದ್ದು 1927ರಲ್ಲಿ, ಅವನು ತೀರಿಕೊಂಡು ನಲವತ್ತು ವರ್ಷಗಳಾದ ಮೇಲೆ.

ಕರ್ನಾಟಕ ಸಂಗೀತಕ್ಕೆ ಒಗ್ಗಿದ ಕಿವಿಗೆ ಪಿಯಾನೋ ಏಕೆ ಕಷ್ಟ? ಗಮಕವಿಲ್ಲ ಅನ್ನುವುದು ಮೊದಲ ಉತ್ತರ. ಕೀ ಒತ್ತಿದಾಗ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. ಆಮೇಲೆ ಆ ಸ್ವರವನ್ನು ಏನೂ ಮಾಡುವಂತಿಲ್ಲ. ದೊಡ್ಡದು ಮಾಡಲಾಗದು, ಜಾರಿಸಲಾಗದು, ನಡುಗಿಸಲಾಗದು. ಹುಟ್ಟಿದ ಕ್ಷಣದಿಂದ ಅದು ಕರಗುತ್ತ ಹೋಗುತ್ತದೆ. ವೀಣೆಯ ಸ್ವರವೂ ಕರಗುವುದೇ, ನಿಜ; ಆದರೆ ವೈಣಿಕರು ತಂತಿ ಎಳೆದು ಅದೇ ಮೀಟಿನಲ್ಲಿ ಇನ್ನೂ ನಾಲ್ಕು ಸ್ವರ ತೆಗೆಯುತ್ತಾರೆ. ಪಿಯಾನೋ ವಾದಕನಿಗೆ ಆ ಭಾಗ್ಯವಿಲ್ಲ. ಅವನ ಕೈಯಲ್ಲಿ ಇರುವುದು ಬೆರಳಿನ ಭಾರ, ಕಾಲ ಕೆಳಗಿನ ಪೆಡಲು, ಮತ್ತು ಒಂದು ಸ್ವರದ ಪಕ್ಕದಲ್ಲಿ ಇನ್ನಾವುದನ್ನು ಇಡುವುದು ಎಂಬ ಆಯ್ಕೆ.

ಆ ಆಯ್ಕೆಯೇ ಎರಡನೆಯ, ದೊಡ್ಡ ಕಷ್ಟ. ನಮಗೆ ಷಡ್ಜ ಅಂದರೆ ಕಛೇರಿ ಮುಗಿಯುವ ತನಕ ಅದೇ ಷಡ್ಜ. ಪಾಶ್ಚಾತ್ಯರ ಸಂಗೀತದಲ್ಲಿ ಷಡ್ಜವೇ ಜಾಗ ಬದಲಿಸುತ್ತದೆ. ರಾಗಾಲಾಪನೆಯ ನಡುವೆ ವಿದ್ವಾಂಸರು ಗ್ರಹಭೇದ ಮಾಡಿದಾಗ ಸಭೆ ಒಂದು ಕ್ಷಣ ತಬ್ಬಿಬ್ಬಾಗುತ್ತದಲ್ಲ, ಇಲ್ಲಿ ಅದು ಮಿನುಗಿ ಮರೆಯಾಗುವ ಚಮತ್ಕಾರವಲ್ಲ, ದಿನದ ವ್ಯವಹಾರ. ಇದನ್ನು ಕಿವಿಯಾರೆ ತಿಳಿಯಬೇಕಾದರೆ ರವೆಲ್‌ನ ಗಾಸ್ಪಾರ್‌ನಲ್ಲೇ ನಡುವಿನ ಭಾಗ ‘ಲ ಜಿಬೆ’ ಕೇಳಿ. ಗಲ್ಲುಗಂಬ ಎಂದು ಅರ್ಥ. ಆಲೋಷಿಯಸ್ ಬೆರ್ತ್ರಾನ್ ಎಂಬ ಕವಿಯ ಗದ್ಯಪದ್ಯವೊಂದು ಇದರ ಹಿಂದಿದೆ: ಮುಳುಗುವ ಸೂರ್ಯನ ಕೆಂಪಿನಲ್ಲಿ ನೇತಾಡುವ ಹೆಣ, ದೂರದ ಊರಿನ ಗಂಟೆ. ಆ ಗಂಟೆಯಾಗಿ ಬಿ ಫ್ಲಾಟ್ ಎಂಬ ಒಂದೇ ಸ್ವರ ಮೊದಲಿನಿಂದ ಕೊನೆವರೆಗೆ ಬಾರಿಸುತ್ತಲೇ ಇರುತ್ತದೆ. ನಮ್ಮ ಗುಂಪಿನವರಿಗೆ ಇದನ್ನು ಹಾಕಿದಾಗ ಒಬ್ಬರು ‘ಸದ್ಯ, ಶ್ರುತಿ ಸಿಕ್ತಪ್ಪ’ ಎಂದು ಆರಾಮಾಗಿ ಒರಗಿಕೊಂಡರು. ಅರ್ಧ ನಿಮಿಷಕ್ಕೆ ನೆಟ್ಟಗೆ ಕೂತರು. ಏಕೆಂದರೆ ಗಂಟೆ ಅದೇ, ಅದರ ಕೆಳಗಿನ ನೆಲ ಬೇರೆ. ಒಂದು ಗಳಿಗೆ ಅದು ಪಂಚಮದ ಹಾಗೆ ಕೇಳಿಸಿದರೆ, ಕೆಳಗೆ ಸ್ವರಗುಚ್ಛ ಸರಿದ ಮರುಗಳಿಗೆ ಗಾಂಧಾರವೋ ಏನೋ ಅನ್ನಿಸುತ್ತದೆ, ಇನ್ನೊಂದು ಗಳಿಗೆ ಯಾವ ಸ್ಥಾನಕ್ಕೂ ಸೇರದ ಪರದೇಶಿಯಾಗುತ್ತದೆ. ಶ್ರುತಿ ಅಭಯ ಕೊಡುತ್ತದೆ. ಈ ಗಂಟೆ ಅದನ್ನು ಕಸಿದುಕೊಳ್ಳುತ್ತದೆ. ಐದಾರು ನಿಮಿಷದ ಈ ತುಣುಕನ್ನು ಅರಗಿಸಿಕೊಂಡ ಕರ್ನಾಟಕ ಸಂಗೀತದ ಕಿವಿಗೆ ಮುಂದಿನದೆಲ್ಲ ಅರ್ಧ ಹಗುರ.

ಆದರೂ ಹೊಸಬರಿಗೆ ನಾನು ಮೊದಲು ಕೊಡುವುದು ರವೆಲ್ ಅಲ್ಲ, ಬ್ರಾಮ್ಸ್. ಆಪಸ್ (ಕೃತಿಸಂಖ್ಯೆ) 119ರ ಮೊದಲನೆಯದು, ಬಿ ಮೈನರಿನ ‘ಇಂಟರ್‌ಮೆಟ್ಸೊ’. ನಾಲ್ಕು ನಿಮಿಷವೂ ಇಲ್ಲ. 1893ರಲ್ಲಿ ಬರೆದದ್ದು, ಅವನಿಗೆ ಅರವತ್ತು ತುಂಬಿದ ವರ್ಷ. ಬರೆದ ಕೂಡಲೇ ಹಾಳೆಯನ್ನು ಹಳೆಯ ಗೆಳತಿ ಕ್ಲಾರಾ ಶೂಮನ್‌ಗೆ ಕಳಿಸಿಕೊಟ್ಟ. ಜೊತೆಗಿನ ಕಾಗದದಲ್ಲಿ, ಇದರಲ್ಲಿ ಅಪಸ್ವರಗಳು ಗಿಜಿಗುಟ್ಟುತ್ತಿವೆ, ನಿಧಾನವಾಗಿ ಅಂತ ಬರೆದರೆ ಸಾಲದು, ಪ್ರತಿ ಬಾರನ್ನೂ ಪ್ರತಿ ಸ್ವರವನ್ನೂ ಅದರೊಳಗಿನ ವಿಷಾದ ಹೀರಿಕೊಳ್ಳುವಷ್ಟು ತಡೆದು ನುಡಿಸಬೇಕು ಎಂಬರ್ಥದ ಮಾತು ಬರೆದಿದ್ದ. ಕ್ಲಾರಾಗೆ ಆಗ 73. ಆ ಕಾಲದ ದೊಡ್ಡ ವಾದಕಿ. ಆಕೆ ಇದನ್ನು ಬೂದು ಬಣ್ಣದ ಮುತ್ತು ಎಂದಳು.

ಮೊದಲ ಬಾರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಲಗೈ ಮೇಲಿನ ಒಂದು ಸ್ವರ ಮುಟ್ಟುತ್ತದೆ. ಆಮೇಲೆ ನಡುವಿನ ಒಂದು ಸ್ವರ ಬಿಟ್ಟು ಕೆಳಗಿನದು, ಮತ್ತೆ ಒಂದನ್ನು ಬಿಟ್ಟು ಕೆಳಗಿನದು, ಹೀಗೆ ಇಳಿಯುತ್ತ ಹೋಗುತ್ತದೆ. ಕೇಳಲು ಒಂದು ಪುಟ್ಟ ಅವರೋಹಣ. ಆದರೆ ಬ್ರಾಮ್ಸ್ ಆ ಸ್ವರಗಳನ್ನು ಬಿಡದೆ ಹಿಡಿದುಕೊಳ್ಳಲು ಹೇಳಿದ್ದಾನೆ. ಹಾಗಾಗಿ ಒಂದರ ಹಿಂದೆ ಒಂದಾಗಿ ಬಂದ ಸ್ವರಗಳು ಒಂದರ ಮೇಲೊಂದು ಕೂಡಿ ಗುಚ್ಛವಾಗುತ್ತವೆ. ಮೊದಲ ಮೂರು ಸ್ವರಕ್ಕೆ ಒಂದು ರಾಗದ ನೆರಳು ಬಿತ್ತು ಅನ್ನುವಷ್ಟರಲ್ಲಿ ನಾಲ್ಕನೆಯದು ಅದನ್ನು ಕೆಡಿಸುತ್ತದೆ, ಐದನೆಯದು ಇನ್ನೂ ಕೆಡಿಸುತ್ತದೆ. ಕೇಳುವಾಗ ಇದು ದುಃಖವೋ ಸಮಾಧಾನವೋ ಗೊತ್ತಾಗುವುದಿಲ್ಲ; ಕಾರಣ ಇಷ್ಟು ಸರಳ. ಈ ಬಾರನ್ನು ಅವಸರಕ್ಕೆ ನುಡಿಸಿದರೆ ಬರೀ ಅವರೋಹಣ ಉಳಿಯುತ್ತದೆ, ಮೋಡ ಕವಿಯುವುದಿಲ್ಲ. ಇದು ಹಿಡಿಸಿದರೆ ಆಪಸ್ 116ರಿಂದ 119ರವರೆಗಿನ ಇಪ್ಪತ್ತು ತುಣುಕುಗಳೂ ನಿಮ್ಮವೇ. 117ರ ಮೂರನ್ನು ಬ್ರಾಮ್ಸ್ ತನ್ನ ನೋವುಗಳಿಗೆ ಹಾಡುವ ಲಾಲಿ ಎಂದಿದ್ದನಂತೆ. ಅಷ್ಟು ಹೇಳಿದ್ದೇ ಅವನ ಸ್ವಭಾವಕ್ಕೆ ಹೆಚ್ಚು.

ಷೋಪನ್‌ನ ಎರಡನೆಯ ಸೊನಾಟಾದ ಶವಯಾತ್ರೆಯ ನಡೆ ಎಲ್ಲರಿಗೂ ಗೊತ್ತು, ಸಿನಿಮಾಗಳಲ್ಲಿ ಸವೆದುಹೋಗಿದೆ. ಅದಾದ ಮೇಲೆ ಬರುವ ಕೊನೆಯ ಭಾಗ ಮಾತ್ರ ಇವತ್ತಿಗೂ ಸವೆದಿಲ್ಲ. ಒಂದೂವರೆ ನಿಮಿಷ. ಎರಡೂ ಕೈ ಒಂದೇ ಸ್ವರಸಾಲನ್ನು ಒಂದು ಸ್ಥಾಯಿಯ ಅಂತರದಲ್ಲಿ, ಪಿಸುದನಿಯಲ್ಲಿ, ಎಲ್ಲೂ ನಿಲ್ಲದೆ ಓಡಿಸುತ್ತವೆ. ಹಾಡಿಕೊಳ್ಳಲು ಧಾಟಿಯಿಲ್ಲ, ಆತುಕೊಳ್ಳಲು ಸ್ವರಗುಚ್ಛವಿಲ್ಲ. ಕೊನೆಗೆ ಒಂದು ಭಾರೀ ಪೆಟ್ಟು, ಮುಗಿಯಿತು. ನಮ್ಮ ಗುಂಪಿನ ಹಿರಿಯರೊಬ್ಬರು ಕೇಳಿ, ‘ಏನ್ರೀ ಇದು, ಕಛೇರಿ ಮುಗಿದ್ಮೇಲೆ ಬಟ್ಟೇಲಿ ಪಿಯಾನೋ ಒರೆಸ್ತಾ ಇದಾರಾ?’ ಅಂದರು. ತಮಾಷೆಯೇನಲ್ಲ. ಷೋಪನ್‌ನನ್ನು ಅಷ್ಟು ಮೆಚ್ಚುತ್ತಿದ್ದ, ಕ್ಲಾರಾಳ ಗಂಡ ಶೂಮನ್ ಕೂಡ ಇದು ಸಂಗೀತವಲ್ಲ, ಅಣಕ ಎಂಬ ಅರ್ಥದಲ್ಲಿ ವಿಮರ್ಶೆ ಬರೆದಿದ್ದ. ಆ ಹಿರಿಯರು ಈಗ ಶವಯಾತ್ರೆಯನ್ನು ಬಿಟ್ಟು ‘ಆ ಒರೆಸೋದನ್ನೇ ಹಾಕಿ’ ಅನ್ನುತ್ತಾರೆ.

ಶೂಬರ್ಟ್‌ನ ಕೊನೆಯ ಸೊನಾಟಾಕ್ಕೆ ಮುಂಚೆ ಒಂದು ಎಚ್ಚರಿಕೆ: ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. 1828ರ ಸೆಪ್ಟೆಂಬರಿನಲ್ಲಿ ಬರೆದು ಮುಗಿಸಿ, ನವೆಂಬರಿನಲ್ಲಿ, 31ನೆಯ ವಯಸ್ಸಿಗೆ ತೀರಿಕೊಂಡ. ಬಿ ಫ್ಲಾಟ್ ಮೇಜರಿನ ಈ ಸೊನಾಟಾ ಒಂದು ಪ್ರಾರ್ಥನೆಯಂತಹ ಶಾಂತ ಧಾಟಿಯಿಂದ ಆರಂಭವಾಗುತ್ತದೆ. ಎಂಟನೆಯ ಬಾರು ಮುಟ್ಟಿದಾಗ, ಮಂದ್ರಕ್ಕೂ ಕೆಳಗೆ, ಕೀಲಿಮಣೆಯ ಎಡಗೊನೆಯ ಹತ್ತಿರ, ಅತಿ ಮೆಲ್ಲಗೆ ಒಂದು ಟ್ರಿಲ್. ಎರಡು ಅಕ್ಕಪಕ್ಕದ ಸ್ವರಗಳ ನಡುಕ. ಆಮೇಲೆ ಮೌನ. ಮತ್ತೆ ಅದೇ ಶಾಂತ ಧಾಟಿ, ಏನೂ ಆಗಿಲ್ಲವೆಂಬಂತೆ. ಇಡೀ ಸೊನಾಟಾದ ದಿಗಿಲು ಆ ನಡುಕದಲ್ಲಿದೆ. ಫೋನಿನ ಸ್ಪೀಕರಿಗೆ ಅಷ್ಟು ಕೆಳಗಿನ ಸ್ವರ ಕೇಳಿಸುವ ಯೋಗ್ಯತೆಯಿಲ್ಲ. ಅಲ್ಲಿ ಬರೀ ಮೌನ ಸಿಗುತ್ತದೆ, ನೀವು ‘ಹಾಯಾಗಿದೆ’ ಅಂದುಕೊಂಡು ಎದ್ದುಹೋಗುತ್ತೀರಿ. ಒಳ್ಳೆಯ ಇಯರ್‌ಫೋನ್ ಆದರೂ ಇರಲಿ. ಸ್ವಿಯಾತೊಸ್ಲಾವ್ ರಿಕ್ಟರ್ ನುಡಿಸಿದ್ದನ್ನು ಹುಡುಕಿ. ಮೊದಲ ಭಾಗವೊಂದಕ್ಕೇ ಇಪ್ಪತ್ತು ನಿಮಿಷ ಮೀರಿ ತೆಗೆದುಕೊಳ್ಳುತ್ತಾನೆ. 1957ರಲ್ಲಿ ಮಾಸ್ಕೋಗೆ ಹೋಗಿದ್ದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ ಸಭೆಯಲ್ಲಿ ಕೂತು ಅದನ್ನು ಕೇಳಿದ. ಶೂಬರ್ಟ್ ಅಂದರೆ ಅಷ್ಟಕ್ಕಷ್ಟೆ ಎನ್ನುತ್ತಿದ್ದವನು ಮಂತ್ರಕ್ಕೆ ಒಳಗಾದವನಂತೆ ಕೂತಿದ್ದೆ ಎಂದು ಆಮೇಲೆ ನೆನಪಿಸಿಕೊಂಡಿದ್ದಾನೆ.

ಚೆಕ್ ಸಂಯೋಜಕ ಯಾನಾಚೆಕ್‌ನ ಸೊನಾಟಾದ ಕಥೆ ಸಂಗೀತದಷ್ಟೇ ಒರಟು. 1905ರ ಅಕ್ಟೋಬರ್ 1ರಂದು ಬ್ರನೋ ಊರಿನಲ್ಲಿ ಚೆಕ್ ಭಾಷೆಯ ವಿಶ್ವವಿದ್ಯಾಲಯ ಬೇಕೆಂದು ಮೆರವಣಿಗೆ ನಡೆಯಿತು. ಫ್ರಾಂಟಿಷೆಕ್ ಪಾವ್ಲಿಕ್ ಎಂಬ ಬಡಗಿ ಕೆಲಸದ ಯುವಕ ಸೈನಿಕನ ಬಯೊನೆಟ್ಟಿಗೆ ಸಿಕ್ಕಿ ಸತ್ತ. ಆ ದಿನಾಂಕವನ್ನೇ ಹೆಸರಾಗಿಟ್ಟು ಯಾನಾಚೆಕ್ ಮೂರು ಭಾಗಗಳ ಸೊನಾಟಾ ಬರೆದ. 1906ರ ಜನವರಿಯಲ್ಲಿ ಮೊದಲ ಪ್ರದರ್ಶನಕ್ಕೆ ಮುಂಚೆ ಮೂರನೆಯ ಭಾಗವನ್ನು ಕಿತ್ತು ಒಲೆಗೆ ಹಾಕಿದ. ಉಳಿದೆರಡನ್ನು ಆಮೇಲೆ ಪ್ರಾಗಿನಲ್ಲಿ ವ್ಲ್ತಾವಾ ನದಿಗೆ ಎಸೆದ. ಹಾಳೆಗಳು ಮುಳುಗದೆ ಬಿಳಿಯ ಹಂಸಗಳ ಹಾಗೆ ತೇಲಿಹೋದವು ಎಂದು ಮುಂದೆ ತಾನೇ ಪಶ್ಚಾತ್ತಾಪದಿಂದ ಹೇಳಿಕೊಂಡ. ಮೊದಲ ಸಲ ನುಡಿಸಿದ್ದ ಲುಡ್ಮಿಲಾ ಟುಚ್ಕೊವಾ ಜಾಣೆ, ಪ್ರತಿ ಮಾಡಿಟ್ಟುಕೊಂಡಿದ್ದಳು. ಅವನಿಗೆ ಎಪ್ಪತ್ತು ತುಂಬಿದ 1924ರಲ್ಲಿ ಅದು ಅಚ್ಚಾಯಿತು. ಎರಡನೆಯ ಭಾಗದ ಹೆಸರು ‘ಸಾವು’. ತಡವರಿಸುವ ಒಂದೇ ಪುಟ್ಟ ಲಯ ಬಿಡದೆ ಬರುತ್ತದೆ. ಭಾಷೆಗಾಗಿ ನಡೆದ ಚಳವಳಿ ಅಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ರಷ್ಯಾದ ಸ್ಕ್ರಿಯಾಬಿನ್ ಬಗ್ಗೆ ನನ್ನ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ. ಅವನ ಒಂಬತ್ತನೆಯ ಸೊನಾಟಾಕ್ಕೆ ‘ಬ್ಲ್ಯಾಕ್ ಮಾಸ್’ ಎಂಬ ಅಡ್ಡಹೆಸರಿದೆ. ಆರನೆಯದನ್ನು ಕಂಡರೆ ಅವನಿಗೇ ಭಯ. ಸಭೆಯಲ್ಲಿ ಒಮ್ಮೆಯೂ ನುಡಿಸಲಿಲ್ಲ. ಥಿಯಾಸಫಿಯ ಹುಚ್ಚು ಹತ್ತಿ, ಹಿಮಾಲಯದ ತಪ್ಪಲಿನಲ್ಲಿ ಏಳು ದಿನ ನಡೆಯುವ ಮಹಾಕೃತಿಯೊಂದನ್ನು ಕಟ್ಟುತ್ತೇನೆ, ಅದರ ಕೊನೆಗೆ ಈ ಲೋಕವೇ ಬೇರೊಂದಾಗುತ್ತದೆ ಎಂದು ನಂಬಿದ್ದ. 1915ರಲ್ಲಿ ತುಟಿಯ ಮೇಲಿನ ಒಂದು ಗುಳ್ಳೆ ನಂಜಾಗಿ 43ಕ್ಕೇ ಹೋಗಿಬಿಟ್ಟ. ಒಂಬತ್ತನೆಯ ಸೊನಾಟಾ ಕೇಳಿದ ರಾತ್ರಿ ನಿದ್ದೆ ಬರುವುದಿಲ್ಲ, ಅದು ನಿಜ. ಮರುದಿನ ಮತ್ತೆ ಕೇಳಬೇಕು ಅನ್ನಿಸುತ್ತದೆಯೇ ಅಂದರೆ, ನನಗಂತೂ ಅನ್ನಿಸುವುದಿಲ್ಲ. ನಮ್ಮ ಗುಂಪಿನಲ್ಲಿ ಇದಕ್ಕೆ ಪ್ರಾಣ ಬಿಡುವವರು ಇಬ್ಬರಿದ್ದಾರೆ. ಹೊರೊವಿಟ್ಸ್ 1965ರಲ್ಲಿ ವರ್ಷಗಳ ನಂತರ ನ್ಯೂಯಾರ್ಕಿನ ಕಾರ್ನೆಗಿ ಹಾಲಿನ ವೇದಿಕೆಗೆ ಮರಳಿದಾಗ ಇದನ್ನು ನುಡಿಸಿದ್ದಾನೆ, ಕೇಳಿ ನೀವೇ ತೀರ್ಮಾನಿಸಿ.

ಇಷ್ಟೆಲ್ಲ ಹೇಳಿದ್ದು ನಿಕೊಲಾಯ್ ಮೆಟ್ನರ್ ಹತ್ತಿರ ನಿಮ್ಮನ್ನು ಕರೆತರುವುದಕ್ಕೆ. ಬೆರಳಿಗೂ ಕಷ್ಟ, ಕಿವಿಗೂ ಕಷ್ಟ ಅಂದರೆ ಇವನೇ. ಇವನು ಇವತ್ತು ನಮಗೆ ತನ್ನದೇ ಕೈಯಲ್ಲಿ ಕೇಳಲು ಸಿಗುತ್ತಾನೆಂದರೆ ಅದಕ್ಕೆ ಮೈಸೂರು ಕಾರಣ.

ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ. ರಾಕ್ಮನಿನಾಫ್‌ಗಿಂತ ಏಳು ವರ್ಷ ಕಿರಿಯ, ಅವನ ಆಪ್ತ ಸ್ನೇಹಿತ. ರಾಕ್ಮನಿನಾಫ್ ತನ್ನ ನಾಲ್ಕನೆಯ ಪಿಯಾನೋ ಕನ್ಸರ್ಟೋವನ್ನು ಇವನಿಗೆ ಅರ್ಪಿಸಿದ. ಇವನು ತನ್ನ ಎರಡನೆಯದನ್ನು ಅವನಿಗೆ. ಪಿಯಾನೋ ಇಲ್ಲದ ಕೃತಿಯನ್ನು ಮೆಟ್ನರ್ ಬರೆದವನೇ ಅಲ್ಲ: 14 ಸೊನಾಟಾ, ಮೂರು ಕನ್ಸರ್ಟೋ, ನೂರಕ್ಕೂ ಮೀರಿದ ಹಾಡುಗಳು, ‘ಸ್ಕಾಜ್ಕಿ’ ಎಂಬ ಕಥೆಯಂತಹ ಸಣ್ಣ ತುಣುಕುಗಳ ರಾಶಿ. ಕ್ರಾಂತಿಯಾದ ಮೇಲೆ 1921ರಲ್ಲಿ ರಷ್ಯಾ ಬಿಟ್ಟ. ಜರ್ಮನಿ, ಫ್ರಾನ್ಸ್ ಸುತ್ತಿ ಮೂವತ್ತರ ದಶಕದ ನಡುವೆ ಲಂಡನ್ನಿನ ಗೋಲ್ಡರ್ಸ್ ಗ್ರೀನ್‌ನಲ್ಲಿ ನೆಲೆಸಿದ. ಹೊಸ ಕಾಲದ ಸಂಗೀತ ಇವನಿಗೆ ಒಂದಿಷ್ಟೂ ಸೇರದು. ಅದನ್ನು ಝಾಡಿಸಿ 1935ರಲ್ಲಿ ಪುಸ್ತಕವನ್ನೇ ಬರೆದ, ಅಚ್ಚು ಹಾಕಿಸಿದ್ದು ರಾಕ್ಮನಿನಾಫ್. ಹೊಸಬರಿಗೆ ಇವನು ಹಳಬ. ಹಳೆಯದನ್ನು ಬಯಸುವವರಿಗೆ ರಾಕ್ಮನಿನಾಫ್‌ನ ಧಾಟಿಗಳ ಹಾಗೆ ಇವನವು ಒಂದೇ ಕೇಳಿಕೆಗೆ ಬಾಯಿಗೆ ಬರುವುದಿಲ್ಲ. ಹೀಗೆ ಎರಡೂ ಕಡೆಯವರು ಕೈಬಿಟ್ಟರು. ಯುದ್ಧ ಬಂದು ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣವೂ ನಿಂತಿತು. ಹೃದಯದ ಕಾಯಿಲೆ ಬೇರೆ.

ಇತ್ತ ಮೈಸೂರಿನಲ್ಲಿ ಜಯಚಾಮರಾಜ ಒಡೆಯರು ಪಿಯಾನೋವನ್ನು ಶ್ರದ್ಧೆಯಿಂದ ಕಲಿತು ವಾದಕರಾಗುವ ಆಸೆ ಇಟ್ಟುಕೊಂಡಿದ್ದವರು. 1940ರ ಮಾರ್ಚಿನಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು, ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿಯವರು. 21ರ ಹುಡುಗ ಸಿಂಹಾಸನ ಏರಬೇಕಾಯಿತು, ಪಿಯಾನೋ ವೇದಿಕೆಯ ಕನಸು ಅಲ್ಲಿಗೆ ಮುಗಿಯಿತು. ಮುಂದೆ ಅವರು ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ್ದು ನಮಗೆಲ್ಲ ಗೊತ್ತು. ಗೋಷ್ಠಿಗಳಲ್ಲಿ ಚರ್ಚೆಯಾಗುತ್ತದೆ, ಕಛೇರಿಗಳಲ್ಲಿ ಹಾಡುತ್ತಾರೆ. ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದದ್ದು, ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದು ಅಷ್ಟಾಗಿ ಗೊತ್ತಿಲ್ಲ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳು ಮೊಟ್ಟಮೊದಲು ಕೇಳಿಬಂದಾಗ, ಆ ಕಛೇರಿಯ ಖರ್ಚಿಗೆ ನಿಂತವರೂ ಇವರೇ.

ನಲವತ್ತರ ದಶಕದ ಕೊನೆಗೆ, ಯಾರೂ ಕೇಳದ ಮೆಟ್ನರ್‌ನ ಕೃತಿಗಳನ್ನು ರೆಕಾರ್ಡು ಮಾಡಿಸಲೆಂದೇ ಮಹಾರಾಜರ ಹಣದಿಂದ ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಎಚ್‌ಎಂವಿ ಮೂರು ಸಂಪುಟ ಹೊರತಂದಿತು. ಎಪ್ಪತ್ತರ ಹತ್ತಿರದ, ಎದೆನೋವಿನ ಮನುಷ್ಯ ಸ್ಟುಡಿಯೋದಲ್ಲಿ ಕೂತು ಮೂರೂ ಕನ್ಸರ್ಟೋ, ಅನೇಕ ಸಣ್ಣ ತುಣುಕುಗಳು, ಗಾಯಕಿ ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಜೊತೆ ಹಾಡುಗಳು, ಜೀವನವಿಡೀ ತಿದ್ದುತ್ತ ಬಂದಿದ್ದ ಪಿಯಾನೋ ಕ್ವಿಂಟೆಟ್, ಎಲ್ಲವನ್ನೂ ನುಡಿಸಿದ. ಮೂರನೆಯ ಕನ್ಸರ್ಟೋವನ್ನು ಕೃತಜ್ಞತೆಯಿಂದ ಮೈಸೂರು ಮಹಾರಾಜರಿಗೆ ಅರ್ಪಿಸಿದ. 1951ರ ನವೆಂಬರಿನಲ್ಲಿ ತೀರಿಕೊಂಡ. ಹಣ ಕೊಟ್ಟವರು ಇನ್ನು ಮೂರು ವರ್ಷ ತಡಮಾಡಿದ್ದರೆ ಈ ರೆಕಾರ್ಡುಗಳು ಇರುತ್ತಿರಲಿಲ್ಲ. ರಾಜರು ಕಲೆಗೆ ಆಶ್ರಯ ಕೊಟ್ಟ ಕಥೆಗಳು ಬೇಕಾದಷ್ಟಿವೆ. ಆದರೆ ಊರಿಗೆ ಊರೇ ಹೊಗಳುವವನನ್ನು ಕರೆದು ಶಾಲು ಹೊದಿಸುವುದು ಬೇರೆ. ಸಮುದ್ರದಾಚೆ ಮೂಲೆಗೆ ಸರಿದ ಮುದುಕನೊಬ್ಬನನ್ನು ತನ್ನ ಕಿವಿಯನ್ನೇ ನಂಬಿ ಆರಿಸುವುದು ಬೇರೆ. ಅಂಥ ಕಿವಿಯಿದ್ದ ರಾಜರ ಊರಿನಲ್ಲಿ ಮೆಟ್ನರ್‌ನ ಒಂದು ಸ್ವರ ಕೇಳುವುದೂ ಇವತ್ತು ಅಪರೂಪ ಅನ್ನುವುದು ನನ್ನ ದೂರು.

ಮೆಟ್ನರ್ ಕಿವಿಗೆ ಏಕೆ ಕಷ್ಟ? ಧಾಟಿ ಮೇಲಿನ ಬೆರಳಲ್ಲೇ ಇರುತ್ತದೆಂದು ನಾವು ಕಾಯುತ್ತೇವೆ. ಇವನಲ್ಲಿ ಅದು ನಡುವೆ ಅವಿತಿರುತ್ತದೆ, ಎಡಗೈಗೆ ಜಾರುತ್ತದೆ, ಎರಡು ಧಾಟಿಗಳು ಒಂದರ ಮೇಲೊಂದು ಮಾತಾಡುತ್ತವೆ. ನಾನು ಕಂಡುಕೊಂಡ ಉಪಾಯ: ಎರಡನೆಯ ಸಲ ಕೇಳುವಾಗ ಬಲಗೈಯನ್ನು ಮರೆತು ಎಡಗೈ ಒಂದನ್ನೇ ಹಿಂಬಾಲಿಸುವುದು. ಮೃದಂಗದವರು ಕಛೇರಿಯಲ್ಲಿ ಏನನ್ನು ಕೇಳುತ್ತಾರೋ ಅದನ್ನು ಕೇಳುವ ಅಭ್ಯಾಸ ಇದ್ದವರಿಗೆ ಇದು ಬೇಗ ಕೈಹತ್ತುತ್ತದೆ.

ಮೊದಲು ಆಪಸ್ 26ರ ಮೂರನೆಯ ಸ್ಕಾಜ್ಕಾ ಕೇಳಿ. ಎಫ್ ಮೈನರ್, ಮೂರು ನಿಮಿಷದ ಒಳಗೆ. ಸಂಜೆ ಜಗಲಿಯಲ್ಲಿ ಯಾರೋ ಗಂಟಲು ಏರಿಸದೆ ಹಳೆಯ ಸಂಗತಿಯೊಂದನ್ನು ಹೇಳುವ ಧಾಟಿ. ಅದಾದ ಮೇಲೆ ಆಪಸ್ 38ರ ‘ಸೊನಾಟಾ ರೆಮಿನಿಸೆಂಜಾ’. ದೇಶ ಬಿಡುವ ಮುಂಚಿನ ವರ್ಷಗಳಲ್ಲಿ ಬರೆದದ್ದು, ಒಂದೇ ಭಾಗ, ಹದಿನೈದು ನಿಮಿಷದ ಆಸುಪಾಸು. ಆರಂಭದಲ್ಲಿ ಒಂದು ಸ್ವರಸಾಲು ಸಲೀಸಾಗಿ ಹರಿಯುತ್ತದೆ, ತನಗೂ ಮುಂದೆ ಬರುವುದಕ್ಕೂ ಸಂಬಂಧವಿಲ್ಲವೆಂಬಂತೆ. ಆಮೇಲೆ ಸೊನಾಟಾ ಬಿಸಿಯೇರುತ್ತದೆ, ಕದಡುತ್ತದೆ. ನಡುವೆ ಆ ಸಾಲು ಮತ್ತೆ ಬರುತ್ತದೆ. ಕೊನೆಗೂ ಬರುತ್ತದೆ. ಹೆಚ್ಚೇನೂ ಬದಲಾಗಿರುವುದಿಲ್ಲ, ಆದರೆ ನಡುವೆ ಅಷ್ಟೆಲ್ಲ ಕೇಳಿದ ಕಿವಿಗೆ ಅದೇ ಸ್ವರಗಳು ಮೊದಲಿನ ಹಾಗೆ ಕೇಳಿಸುವುದಿಲ್ಲ. ಇದೇ ಆಪಸ್ಸಿನ ಎಂಟನೆಯ, ಕೊನೆಯ ತುಣುಕಿನಲ್ಲೂ ಅದನ್ನು ಮತ್ತೆ ಕರೆತಂದಿದ್ದಾನೆ. ಎಮಿಲ್ ಗಿಲೆಲ್ಸ್ ನುಡಿಸಿದ್ದು ಸಿಕ್ಕರೆ ಬಿಡಬೇಡಿ. ಅದುಮಿಟ್ಟ ಅಳು ಅನ್ನುತ್ತಾರಲ್ಲ, ಅದು.

‘ನೈಟ್ ವಿಂಡ್’ ಸೊನಾಟಾ, ಆಪಸ್ 25ರ ಎರಡನೆಯದು, ಆರು ತಿಂಗಳ ಮೇಲೆ ಕೇಳಿ. 1911ರಲ್ಲಿ ಮುಗಿದದ್ದು, ರಾಕ್ಮನಿನಾಫ್‌ಗೆ ಅರ್ಪಿತ. ರಾತ್ರಿಯ ಗಾಳಿಯ ಗೋಳಾಟವನ್ನು ಕುರಿತ ತ್ಯುಚೆಫ್‌ನ ಪದ್ಯ ಇದರ ತಲೆಯ ಮೇಲಿದೆ. ಅರ್ಧ ಗಂಟೆಗೂ ಮೀರಿ ಎಲ್ಲೂ ನಿಲ್ಲದ ಒಂದೇ ಓಟ. ಮುಖ್ಯ ಭಾಗದ ತಾಳ ಬಾರೊಂದಕ್ಕೆ ಹದಿನೈದು: ಖಂಡಜಾತಿ ಏಕತಾಳಕ್ಕೆ ತಿಸ್ರನಡೆ ಇಟ್ಟರೆ ಸಿಗುವ ಲೆಕ್ಕ. ಪಾಶ್ಚಾತ್ಯ ಕೇಳುಗರು ಇಲ್ಲಿ ಲಯ ತಪ್ಪಿ ತೊಳಲುತ್ತಾರೆ. ನಮ್ಮ ಗುಂಪಿನ ಘಟಂ ವಾದಕರು ಎರಡನೆಯ ನಿಮಿಷಕ್ಕೇ ತೊಡೆಯ ಮೇಲೆ ತಾಳ ಹಾಕಿಕೊಂಡು ಕೂತಿದ್ದರು, ಸ್ವರಗಳ ಗೊಡವೆಯೇ ಇಲ್ಲದೆ. ಇದು ನಮಗೆ ಪುಕ್ಕಟೆಯಾಗಿ ಸಿಕ್ಕಿರುವ ಅನುಕೂಲ. ಮಾರ್ಕ್-ಆಂದ್ರೆ ಹಾಮೆಲಿನ್ ಹದಿನಾಲ್ಕೂ ಸೊನಾಟಾಗಳನ್ನು ರೆಕಾರ್ಡು ಮಾಡಿದ್ದಾನೆ. ಬೆರಳಿನ ಮಟ್ಟಿಗೆ ಅವನಿಗೆ ಕಷ್ಟ ಅನ್ನುವುದೇ ಇಲ್ಲ, ಆದ್ದರಿಂದ ಕಿವಿಯ ಕಷ್ಟವೊಂದನ್ನೇ ನಾವು ನೋಡಿಕೊಂಡರಾಯಿತು. ಮೆಟ್ನರ್‌ನದೇ ಹಳೆಯ ರೆಕಾರ್ಡುಗಳಲ್ಲಿ ಸೂಜಿಯ ಸರಸರ ಇದೆ. ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಕನ್ಸರ್ಟೋ ಆದರೆ ಮೆಟ್ನರ್‌ನದೇ.

ಪಿಯಾನೋ ಕಲಿಸುವ ಮೇಡಂಗಳು, ಮೇಷ್ಟ್ರುಗಳು ಯಾರಾದರೂ ಕೇಳುತ್ತಿದ್ದರೆ ಒಂದು ಅಹವಾಲು. ಬೆಂಗಳೂರು, ಮೈಸೂರುಗಳಲ್ಲಿ ಲಂಡನ್ನಿನ ಪರೀಕ್ಷೆಗಳಿಗೆ ಕೂತು ಎಂಟನೆಯ ಗ್ರೇಡು ದಾಟುವ ಮಕ್ಕಳಿದ್ದಾರೆ. ಆಪಸ್ 26ರ ಆ ಮೂರನೆಯದು ಅವರ ಕೈಗೆ ನಿಲುಕದ್ದೇನಲ್ಲ. ಪರೀಕ್ಷೆ ಮುಗಿದ ಮೇಲೆ, ಅಂಕಗಳ ಹಂಗಿಲ್ಲದ ಹೊತ್ತಿನಲ್ಲಿ, ಒಂದು ಮಗುವಿಗೆ ಅದನ್ನು ಕೊಟ್ಟು ನೋಡಿ. ವೇದಿಕೆಯ ಮೇಲೆ ನುಡಿಸುವ ದಿನ ಗೊತ್ತಾದರೆ ಆಕಾಶವಾಣಿಗೆ ಒಂದು ಕಾಗದ ಹಾಕಿ. ನಮ್ಮ ಗುಂಪು ಘಟಂ ವಾದಕರ ಸಮೇತ ಬಂದು ಮುಂದಿನ ಸಾಲಿನಲ್ಲಿ ಕೂರುತ್ತದೆ. ಅವರ ಕೈ ಮಾತ್ರ ನಾವು ಹಿಡಿದುಕೊಂಡಿರುತ್ತೇವೆ.